ಇಂಗ್ಲಿಷ್ ಪ್ರಶ್ನೋತ್ತರ: ಮೊದಲು ಹೆಲ್ಪಿಂಗ್ ವರ್ಬ್ ಯಾವುದು ನೋಡಿ

ಈ ಸಲ ಬಂದ ಪತ್ರಗಳನ್ನು ಓದುತ್ತಾ ಹೋದ ಹಾಗೆ ಒಂದು ವಿಷಯ ಎದ್ದು ಕಂಡಿತು. ಕೇಳಿದವರು ಬೇರೆ ಬೇರೆ, ಕಳಿಸಿದ ವಾಕ್ಯಗಳೂ ಬೇರೆ ಬೇರೆ. ತೊಡಕು ಮಾತ್ರ ಹೆಚ್ಚುಕಡಿಮೆ ಒಂದೇ ಜಾಗದಲ್ಲಿದೆ. 'ಹ್ಯಾವ್', 'ಬೀ', 'ಡೂ' ಥರದ ಸಹಾಯಕ ಕ್ರಿಯಾಪದ (ಹೆಲ್ಪಿಂಗ್ ವರ್ಬ್) ಬಂದ ಮೇಲೆ ಮುಖ್ಯ ಕ್ರಿಯಾಪದ ಯಾವ ರೂಪದಲ್ಲಿ ಬರಬೇಕು? ಹಾಗಾಗಿ ಈ ಸಂಚಿಕೆಯನ್ನು ಪೂರ್ತಿ ಅದಕ್ಕೇ ಬಿಟ್ಟಿದ್ದೇನೆ.

ಶಾಲೆಯಲ್ಲಿ ಹೇಳುವ ಹಾಗೆ ವಿ-1, ವಿ-2, ವಿ-3 ಅಂತಲೇ ಇಲ್ಲಿಯೂ ಕರೆಯೋಣ. 'ರೈಟ್' ವಿ-1, 'ರೋಟ್' ವಿ-2, 'ರಿಟನ್' ವಿ-3. 'ರೈಟಿಂಗ್' ಅನ್ನುವುದು ಇಂಗ್ ರೂಪ. ವಿ-3 ಮತ್ತು ಇಂಗ್ ರೂಪ, ಇವೆರಡಕ್ಕೆ ಪಾರ್ಟಿಸಿಪಲ್ ಎಂದು ಹೆಸರು. ನಮ್ಮ ವ್ಯಾಕರಣದಲ್ಲಿ ಬರುವ ಕೃದಂತಕ್ಕೆ ಇವು ತೀರಾ ಹತ್ತಿರ.

ಪ್ರಶ್ನೆ: ನಡೆದದ್ದು ನಿನ್ನೆ. ಆದ್ದರಿಂದ 'ಐ ಡಿಡ್ ನಾಟ್ ವೆಂಟ್' ಎಂದು ಬರೆದೆ. ಪರೀಕ್ಷೆಯಲ್ಲಿ ತಪ್ಪು ಎಂದು ಹೊಡೆದುಹಾಕಿದ್ದಾರೆ. ಭೂತಕಾಲಕ್ಕೆ ಭೂತಕಾಲದ ಪದ ಹಾಕಿದರೆ ತಪ್ಪು ಹೇಗೆ? (ಪದವಿ ವಿದ್ಯಾರ್ಥಿನಿ)

ನಿನ್ನೆಯ ಮಾತು ಅಂತ ವಾಕ್ಯದಲ್ಲಿ ಒಂದು ಕಡೆ ಹೇಳಿದರೆ ಸಾಕು. 'ಡಿಡ್' ಎನ್ನುವುದೇ 'ಡೂ' ಕ್ರಿಯಾಪದದ ಭೂತಕಾಲ. ಅದು ಬಂದ ಕೂಡಲೇ ಕಾಲ ಹೇಳುವ ಕೆಲಸ ಮುಗಿಯಿತು. ಉಳಿದ ಕ್ರಿಯಾಪದ ತನ್ನ ಮೂಲ ರೂಪಕ್ಕೆ, ಅಂದರೆ ವಿ-1ಕ್ಕೆ ಮರಳುತ್ತದೆ: 'ಐ ಡಿಡ್ ನಾಟ್ ಗೋ'.

ಇದು ವಿಚಿತ್ರ ಅನ್ನಿಸಿದರೆ ಕನ್ನಡದಲ್ಲೇ ಒಮ್ಮೆ ನೋಡಿ. 'ಅವನು ಬಂದನು' ಎನ್ನುವುದಕ್ಕೆ ನಿಷೇಧ ಏನು? 'ಅವನು ಬರಲಿಲ್ಲ'. 'ಬಂದಲಿಲ್ಲ' ಎಂದು ಚಿಕ್ಕ ಮಗುವೂ ಹೇಳುವುದಿಲ್ಲ, ಅಲ್ವಾ? 'ಬಂದ' ಎನ್ನುವಲ್ಲಿದ್ದ ಭೂತಕಾಲದ ಗುರುತು 'ಬರಲಿಲ್ಲ'ದಲ್ಲಿ ಕಳಚಿಹೋಗಿದೆ. 'ಡಿಡ್ ನಾಟ್ ಕಮ್'ನಲ್ಲಿ ಆಗಿರುವುದೂ ಅದೇ. ನೀವು ಬಾಲ್ಯದಿಂದ ಬಳಸುತ್ತಿರುವ ನಿಯಮ ಇದು.

ಪ್ರಶ್ನೆ ಕೇಳುವಾಗ ಮಾತ್ರ ಸ್ವಲ್ಪ ಎಚ್ಚರ ಬೇಕು. ಕನ್ನಡದಲ್ಲಿ 'ಬಂದೆಯಾ?' ಎಂದು ಕೇಳುವಾಗ ಭೂತಕಾಲ ಕ್ರಿಯಾಪದದಲ್ಲೇ ಉಳಿಯುತ್ತದೆ. ಆ ಅಭ್ಯಾಸದಿಂದ 'ಡಿಡ್ ಯು ಕೇಮ್?' ಎಂದು ಬಾಯಿಗೆ ಬರುತ್ತದೆ. ಇಂಗ್ಲಿಷಿನಲ್ಲಿ ನಿಷೇಧಕ್ಕೂ ಪ್ರಶ್ನೆಗೂ ಒಂದೇ ನಿಯಮ: 'ಡಿಡ್ ಯು ಕಮ್?'. 'ಶೀ ನೋಸ್' ಎನ್ನುವುದು 'ಡಸ್ ಶೀ ನೋ?' ಆಗುವಾಗಲೂ ಕೊನೆಯ ಎಸ್ ಅಕ್ಷರ 'ಡೂ' ಕಡೆಗೆ ಹೋಗಿ 'ಡಸ್' ಆಗುತ್ತದೆ.

ಪ್ರಶ್ನೆ: ವಿ-3ಕ್ಕೆ ಪಾಸ್ಟ್ ಪಾರ್ಟಿಸಿಪಲ್ ಎಂದು ಹೆಸರು. ಆದರೆ 'ದ ಲೆಟರ್ ವಿಲ್ ಬೀ ರಿಟನ್ ಟುಮಾರೋ' ಎಂಬ ವಾಕ್ಯ ನಾಳೆಯದ್ದು. ನಾಳೆಯ ಕೆಲಸದಲ್ಲಿ ಪಾಸ್ಟ್ ಎಲ್ಲಿಂದ ಬಂತು? ಹನ್ನೆರಡು ಟೆನ್ಸುಗಳ ಪಟ್ಟಿ, ಆಮೇಲೆ ಅವುಗಳ ಪ್ಯಾಸಿವ್ (ಕರ್ಮಣಿ ಪ್ರಯೋಗ) ಪಟ್ಟಿ, ಎಲ್ಲ ಬಾಯಿಪಾಠ ಮಾಡದೆ ಬೇರೆ ದಾರಿ ಇಲ್ಲವೇ? (ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರು)

ತುಂಬಾ ಒಳ್ಳೆಯ ಪ್ರಶ್ನೆ. ಆ ಹೆಸರೇ ದಾರಿ ತಪ್ಪಿಸುತ್ತದೆ. 'ಪಾಸ್ಟ್ ಪಾರ್ಟಿಸಿಪಲ್'ನಲ್ಲಿ ಭೂತಕಾಲ ಇಲ್ಲ. 'ಪ್ರೆಸೆಂಟ್ ಪಾರ್ಟಿಸಿಪಲ್' ಎನ್ನುವ ಇಂಗ್ ರೂಪದಲ್ಲಿ ವರ್ತಮಾನವೂ ಇಲ್ಲ. 'ಐ ವಾಸ್ ರೈಟಿಂಗ್' ಅಂದರೆ ಹಿಂದೆ ನಡೆದದ್ದು, 'ಐ ವಿಲ್ ಬೀ ರೈಟಿಂಗ್' ಅಂದರೆ ಮುಂದೆ ನಡೆಯುವುದು. ಎರಡರಲ್ಲೂ 'ರೈಟಿಂಗ್' ಹಾಗೇ ಇದೆ. ಕಾಲ ಬದಲಾಯಿಸಿದ್ದು ಅದಕ್ಕೂ ಮೊದಲು ನಿಂತಿರುವ ಸಹಾಯಕ ಕ್ರಿಯಾಪದ. ಪಾರ್ಟಿಸಿಪಲ್ ಹೇಳುವುದು ಕೆಲಸದ ಸ್ಥಿತಿಯನ್ನು: ನಡೆಯುತ್ತಿದೆಯೋ, ಮುಗಿದಿದೆಯೋ, ಮಾಡಿಸಿಕೊಂಡದ್ದೋ ಅಂತ.

ಆದ್ದರಿಂದ ಪಟ್ಟಿಗಳನ್ನು ಸ್ವಲ್ಪ ಪಕ್ಕಕ್ಕಿಡಿ. ಪ್ರತಿಯೊಂದು ಹೆಲ್ಪಿಂಗ್ ವರ್ಬೂ ತನ್ನ ಮುಂದಿನ ಪದ ಯಾವ ರೂಪದಲ್ಲಿರಬೇಕು ಎಂದು ತಾನೇ ಹೇಳುತ್ತದೆ. 'ಹ್ಯಾವ್' ಯಾವಾಗಲೂ ವಿ-3 ಕೇಳುತ್ತದೆ. 'ಡೂ' ವಿ-1 ಕೇಳುತ್ತದೆ. 'ಕ್ಯಾನ್, ಕುಡ್, ಮೇ, ಮೈಟ್, ವಿಲ್, ವುಡ್, ಶಲ್, ಶುಡ್, ಮಸ್ಟ್' ಎಂಬ ಮೋಡಲ್‌ಗಳಿಗೂ ವಿ-1 ಬೇಕು. 'ಬೀ' ಒಂದೇ ಎರಡು ದಾರಿ ಇಟ್ಟುಕೊಂಡಿದೆ: ಕರ್ತೃ ತಾನೇ ಕೆಲಸ ಮಾಡುತ್ತಿದ್ದರೆ ಇಂಗ್ ರೂಪ, ಕೆಲಸ ಅದರ ಮೇಲೆ ನಡೆದರೆ ವಿ-3. 'ದ ಟೀಚರ್ ಈಸ್ ಟೀಚಿಂಗ್', 'ದ ಲೆಸನ್ ಈಸ್ ಟಾಟ್'. ಅಷ್ಟೇ. 'ಬೀ'ಗೆ ಎಂಟು ಮುಖ ಇರುವುದನ್ನು ಮಾತ್ರ ಮರೆಯಬೇಡಿ: 'ಬೀ, ಯಾಮ್, ಈಸ್, ಆರ್, ವಾಸ್, ವರ್, ಬೀಯಿಂಗ್, ಬೀನ್'. ಇವುಗಳಲ್ಲಿ ಯಾವುದು ಕಂಡರೂ ಅದು 'ಬೀ'ಯೇ.

ಈಗ ಉದ್ದದ ವಾಕ್ಯ ಒಂದನ್ನು ಬಿಡಿಸೋಣ: 'ದ ಲೆಟರ್ ಮಸ್ಟ್ ಹ್ಯಾವ್ ಬೀನ್ ರಿಟನ್'. 'ಮಸ್ಟ್' ಮೋಡಲ್, ಅದಕ್ಕೆ ವಿ-1 ಬೇಕು, ಆದ್ದರಿಂದ 'ಹ್ಯಾವ್'. ಕರ್ತೃ ಏಕವಚನವೇ ಆದರೂ ಅಲ್ಲಿ 'ಹ್ಯಾಸ್' ಬರದಿರುವುದಕ್ಕೆ ಕಾರಣ ಇದೇ. 'ಹ್ಯಾವ್'ಗೆ ವಿ-3 ಬೇಕು, 'ಬೀ'ಯ ವಿ-3 'ಬೀನ್'. ಈಗ 'ಬೀನ್' ಎಂದರೆ 'ಬೀ'. ಪತ್ರ ತಾನಾಗಿ ಬರೆಯುವುದಿಲ್ಲ, ಅದನ್ನು ಯಾರೋ ಬರೆಯುತ್ತಾರೆ, ಆದ್ದರಿಂದ ಮತ್ತೆ ವಿ-3: 'ರಿಟನ್'. ಪ್ರತಿ ಪದದ ರೂಪವನ್ನೂ ಅದರ ಹಿಂದಿನ ಪದ ತೀರ್ಮಾನಿಸಿದೆ. 1957ರಲ್ಲಿ ಭಾಷಾವಿಜ್ಞಾನಿ ನೋಮ್ ಚಾಮ್‌ಸ್ಕಿ ಇಂಗ್ಲಿಷಿನ ಈ ಸರಪಣಿಯನ್ನು ಒಂದೇ ಚಿಕ್ಕ ಸೂತ್ರದಲ್ಲಿ ಬರೆದು ತೋರಿಸಿದರು. ಮೊದಲು ಮೋಡಲ್, ಆಮೇಲೆ 'ಹ್ಯಾವ್', ಆಮೇಲೆ ನಡೆಯುತ್ತಿರುವುದನ್ನು ಹೇಳುವ 'ಬೀ', ಕೊನೆಗೆ ಪ್ಯಾಸಿವ್ 'ಬೀ'. ಬೇಡದ್ದನ್ನು ಬಿಡಬಹುದು, ಕ್ರಮ ಮಾತ್ರ ಬದಲಾಗುವುದಿಲ್ಲ.

ನನಗೆ ಬಹಳ ಇಷ್ಟವಾದ ಭಾಗ ಇನ್ನು ಮುಂದೆ ಇದೆ. ಅದೇ ವಾಕ್ಯಕ್ಕೆ ಕನ್ನಡದಲ್ಲಿ ಪುಸ್ತಕದ ಭಾಷೆಯ ಒಂದು ರೂಪ ಇದೆ: 'ಬರೆಯಲ್ಪಟ್ಟಿರಬೇಕು'. ಅದನ್ನು ಒಡೆದು ನೋಡಿ. ಬರೆಯಲ್, ಪಟ್ಟು, ಇರ, ಬೇಕು. ಹಿಂದಿನಿಂದ ಓದಿ. 'ಬೇಕು' ಎಂದರೆ 'ಮಸ್ಟ್', 'ಇರ' ಎಂದರೆ 'ಹ್ಯಾವ್', 'ಪಟ್ಟು' ಎಂದರೆ 'ಬೀನ್', 'ಬರೆಯಲ್' ಎಂದರೆ 'ರಿಟನ್'. ಒಂದಕ್ಕೊಂದು ತಲೆಕೆಳಗಾಗಿ ಕೂತಿವೆ, ಒಂದು ತುಂಡೂ ಹೆಚ್ಚುಕಡಿಮೆ ಇಲ್ಲ. 'ಬರೆಯುತ್ತಿರಬಹುದು' ಎನ್ನುವುದನ್ನೂ ಹೀಗೇ ಹಿಂದಿನಿಂದ ಓದಿದರೆ 'ಮೇ ಬೀ ರೈಟಿಂಗ್' ಸಿಗುತ್ತದೆ. 'ಬಂದಿರಬಹುದು' ಎಂದರೆ 'ಮೇ ಹ್ಯಾವ್ ಕಮ್'. ನಮ್ಮಲ್ಲಿ ಕೃದಂತ ಮೊದಲು, ಸಹಾಯಕ ಕೊನೆಗೆ. ಅವರಲ್ಲಿ ಸಹಾಯಕ ಮೊದಲು, ಪಾರ್ಟಿಸಿಪಲ್ ಕೊನೆಗೆ. ನಮ್ಮಲ್ಲಿ ಕಾಲವನ್ನೂ 'ನಾನು, ನೀನು, ಅವನು' ಎಂಬ ಗುರುತನ್ನೂ ಹೊರುವುದು ಕೊನೆಯ ತುಂಡು: 'ಬಂದಿದ್ದೇನೆ, ಬಂದಿದ್ದೀಯ, ಬಂದಿದ್ದಾನೆ'. ಅವರಲ್ಲಿ ಅದನ್ನು ಹೊರುವುದು ಮೊದಲ ಪದ: 'ಹ್ಯಾವ್ ಕಮ್, ಹ್ಯಾಸ್ ಕಮ್, ಹ್ಯಾಡ್ ಕಮ್'.

ಉತ್ತರ ಪತ್ರಿಕೆ ತಿದ್ದುವಾಗ ನಾನು ಮೊದಲು ವಾಕ್ಯದ ಮೊದಲ ಹೆಲ್ಪಿಂಗ್ ವರ್ಬಿಗೆ ಪೆನ್ಸಿಲಿನಲ್ಲಿ ಗೆರೆ ಹಾಕುತ್ತೇನೆ. ಅಲ್ಲಿಂದ ಬಲಕ್ಕೆ ಒಂದೊಂದೇ ಪದ ನೋಡುತ್ತಾ ಹೋದರೆ ತಪ್ಪು ಎಲ್ಲಿದೆ ಎಂದು ತಾನಾಗಿ ಸಿಗುತ್ತದೆ. ನೀವೂ ಪರೀಕ್ಷೆಯ 'ಎರರ್ ಸ್ಪಾಟಿಂಗ್' ಪ್ರಶ್ನೆಗಳಲ್ಲಿ ಇದನ್ನೇ ಮಾಡಿ. 'ಹಿ ಹ್ಯಾಸ್ ವೆಂಟ್' ಕಂಡರೆ ಕೇಳಿಕೊಳ್ಳಿ: 'ಹ್ಯಾಸ್' ಏನು ಕೇಳಿತ್ತು? ವಿ-3. ಕೊಟ್ಟಿದ್ದು ಯಾವುದು? ವಿ-2. 'ಹಿ ಕ್ಯಾನ್ ಏಬಲ್ ಟು ಡೂ' ಕಂಡರೆ: 'ಕ್ಯಾನ್' ಕೇಳುವುದು ಕ್ರಿಯಾಪದವನ್ನು, 'ಏಬಲ್' ಕ್ರಿಯಾಪದವೇ ಅಲ್ಲ. 'ಹಿ ಕ್ಯಾನ್ ಡೂ' ಎನ್ನಿ, ಅಥವಾ 'ಹಿ ಈಸ್ ಏಬಲ್ ಟು ಡೂ' ಎನ್ನಿ.

ಪ್ರಶ್ನೆ: ನನ್ನ ಮಗ ಏಳನೆಯ ತರಗತಿ. 'ಬಂದಿದ್ದೇನೆ' ಎನ್ನುವುದಕ್ಕೆ 'ಐ ಯಾಮ್ ಕೇಮ್' ಎನ್ನುತ್ತಾನೆ. ಎಷ್ಟು ಸಲ ತಿದ್ದಿದರೂ ಅದೇ. ಏನು ಮಾಡಲಿ? (ಪೋಷಕರೊಬ್ಬರು)

ಅವನನ್ನು ಬೈಯಬೇಡಿ. ಅವನು ಯೋಚನೆ ಮಾಡಿಯೇ ಹೇಳುತ್ತಿದ್ದಾನೆ. 'ಬರುತ್ತಿದ್ದೇನೆ' ಮತ್ತು 'ಬಂದಿದ್ದೇನೆ', ಎರಡರಲ್ಲೂ ಕೊನೆಗೆ 'ಇದ್ದೇನೆ' ಇದೆ. ಮೊದಲನೆಯದಕ್ಕೆ 'ಐ ಯಾಮ್ ಕಮಿಂಗ್' ಎಂದು ಕಲಿತಿದ್ದಾನೆ. ಹಾಗಾದರೆ 'ಇದ್ದೇನೆ' ಎಂದರೆ 'ಐ ಯಾಮ್' ಎಂದು ಲೆಕ್ಕ ಹಾಕಿದ್ದಾನೆ. ಲೆಕ್ಕ ಸರಿಯಾಗಿದೆ. ಕನ್ನಡ ಒಂದೇ 'ಇರು'ವಿನಲ್ಲಿ ಮುಗಿಸುವ ಕೆಲಸವನ್ನು ಇಂಗ್ಲಿಷ್ ಇಬ್ಬರಿಗೆ ಹಂಚಿದೆ ಎನ್ನುವುದು ಮಾತ್ರ ಅವನಿಗೆ ಯಾರೂ ಹೇಳಿಲ್ಲ. ನಡೆಯುತ್ತಿದ್ದರೆ 'ಬೀ', ಆಗಿದ್ದರೆ 'ಹ್ಯಾವ್'.

ಅವನ ಹತ್ತಿರ ಕೂತು ಜೋಡಿ ಮಾಡಿ ಹೇಳಿಸಿ. 'ಓದುತ್ತಿದ್ದೇನೆ, ಐ ಯಾಮ್ ರೀಡಿಂಗ್. ಓದಿದ್ದೇನೆ, ಐ ಹ್ಯಾವ್ ರೆಡ್.' 'ಮಾಡುತ್ತಿದ್ದಾನೆ, ಹಿ ಈಸ್ ಡೂಯಿಂಗ್. ಮಾಡಿದ್ದಾನೆ, ಹಿ ಹ್ಯಾಸ್ ಡನ್.' ಕನ್ನಡದಲ್ಲಿ 'ಉತ್ತಾ' ಕೇಳಿಸಿದರೆ 'ಬೀ', ಕೇಳಿಸದಿದ್ದರೆ 'ಹ್ಯಾವ್'. ಏಳನೆಯ ತರಗತಿಯ ಹುಡುಗನಿಗೆ ಈ ಗುರುತು ಚೆನ್ನಾಗಿ ಹಿಡಿಸುತ್ತದೆ. ನಿಷೇಧದಲ್ಲೂ ಇದನ್ನೇ ಮುಂದುವರಿಸಬಹುದು: 'ಬರುತ್ತಿಲ್ಲ' ಎಂದರೆ 'ಈಸ್ ನಾಟ್ ಕಮಿಂಗ್', 'ಬಂದಿಲ್ಲ' ಎಂದರೆ 'ಹ್ಯಾಸ್ ನಾಟ್ ಕಮ್', 'ಬರಲಿಲ್ಲ' ಎಂದರೆ 'ಡಿಡ್ ನಾಟ್ ಕಮ್'. ಮೂರು 'ಇಲ್ಲ', ಮೂರು ಬೇರೆ ಸಹಾಯಕರು.

'ಹ್ಯಾವ್ ಎಂದರೆ ನನ್ನ ಹತ್ತಿರ ಇದೆ ಅಂತ ಅಲ್ವಾ, ಇಲ್ಲಿ ಯಾಕೆ ಬಂತು?' ಎಂದು ಅವನು ಕೇಳಬಹುದು. ಕೇಳಲಿ. ಹಳೆಯ ಇಂಗ್ಲಿಷಿನಲ್ಲಿ ಅದು ನಿಜವಾಗಿಯೂ ಆ ಅರ್ಥದಿಂದಲೇ ಶುರುವಾಯಿತು. 'ಐ ಹ್ಯಾವ್ ದ ಲೆಟರ್ ರಿಟನ್', ಅಂದರೆ ಬರೆದು ಮುಗಿಸಿದ ಪತ್ರ ನನ್ನ ಹತ್ತಿರ ಇದೆ. ಅಲ್ಲಿ 'ರಿಟನ್' ಪತ್ರವನ್ನು ಬಣ್ಣಿಸುವ ವಿಶೇಷಣ. ನಿಧಾನಕ್ಕೆ ಆ ಪದ 'ಹ್ಯಾವ್' ಪಕ್ಕಕ್ಕೆ ಸರಿದು 'ಐ ಹ್ಯಾವ್ ರಿಟನ್ ದ ಲೆಟರ್' ಆಯಿತು, 'ಹತ್ತಿರ ಇದೆ' ಎಂಬ ಅರ್ಥ ಸವೆದು 'ಬರೆದಿದ್ದೇನೆ' ಉಳಿಯಿತು.

ಪ್ರಶ್ನೆ: ಅಣುಬಾಂಬಿನ ವಿಜ್ಞಾನಿ ಒಪ್ಪೆನ್‌ಹೈಮರ್ ಭಗವದ್ಗೀತೆಯನ್ನು ನೆನೆದು 'ನೌ ಐ ಯಾಮ್ ಬಿಕಮ್ ಡೆತ್' ಎಂದದ್ದು ಪ್ರಸಿದ್ಧ. 'ಐ ಹ್ಯಾವ್ ಬಿಕಮ್' ಆಗಬೇಕಿತ್ತಲ್ಲವೇ? ಅಷ್ಟು ಓದಿದವರು ವ್ಯಾಕರಣ ತಪ್ಪಿದರೇ? (ನಿವೃತ್ತ ಉದ್ಯೋಗಿ)

ತಪ್ಪಲ್ಲ. ಮೇಲಿನ ಉತ್ತರದ ಮುಂದುವರಿಕೆಯೇ ಇದು. 'ಹ್ಯಾವ್' ಮೊದಲು ಬಂದದ್ದು ಕರ್ಮಪದ ಇರುವ ಕ್ರಿಯೆಗಳಿಗೆ: ಪತ್ರ ಬರೆದದ್ದು, ಮೀನು ಹಿಡಿದದ್ದು. ಹೋಗು, ಬರು, ತಲುಪು, ಆಗು, ಬೆಳೆ ಥರದ ಕ್ರಿಯೆಗಳಲ್ಲಿ ಹಿಡಿದಿಟ್ಟುಕೊಳ್ಳುವುದಕ್ಕೆ ಏನೂ ಇಲ್ಲ. ಅವಕ್ಕೆ ಇಂಗ್ಲಿಷ್ ಬಹಳ ಕಾಲ 'ಬೀ'ಯನ್ನೇ ಬಳಸಿತು. 'ಹಿ ಈಸ್ ಕಮ್', 'ದೇ ಆರ್ ಅರೈವ್ಡ್' ಎಂದರೆ ಆಗ ಸರಿಯಾದ ಇಂಗ್ಲಿಷ್. ಫ್ರೆಂಚ್ ಮತ್ತು ಜರ್ಮನ್ ಭಾಷೆಗಳು ಇಂಥ ಹಲವು ಕ್ರಿಯೆಗಳಿಗೆ ಇವತ್ತಿಗೂ 'ಇರು' ಎಂಬರ್ಥದ ಸಹಾಯಕವನ್ನೇ ಇಟ್ಟುಕೊಂಡಿವೆ. ಇಂಗ್ಲಿಷಿನಲ್ಲಿ ಕಾಲಕ್ರಮದಲ್ಲಿ 'ಹ್ಯಾವ್' ಎಲ್ಲ ಕಡೆ ಹರಡಿತು. 'ಹಿ ಈಸ್ ಗಾನ್' ಎನ್ನುವುದರಲ್ಲಿ ಮಾತ್ರ ಹಳೆಯ ರೂಪ ಇನ್ನೂ ಉಳಿದಿದೆ.

1945ರ ಜುಲೈ 16ರಂದು ನಡೆದ ಮೊದಲ ಅಣು ಪರೀಕ್ಷೆಯನ್ನು ನೆನಪಿಸಿಕೊಂಡು ಅವರು ಈ ಮಾತನ್ನು ಆಡಿದ್ದು 1965ರ ಒಂದು ಟೆಲಿವಿಷನ್ ಕಾರ್ಯಕ್ರಮದಲ್ಲಿ. ಗೀತೆಯ ಹನ್ನೊಂದನೆಯ ಅಧ್ಯಾಯದ 32ನೆಯ ಶ್ಲೋಕ, 'ಕಾಲೋಽಸ್ಮಿ' ಎಂದು ಶುರುವಾಗುವುದು. ಸಂಸ್ಕೃತ ಕಲಿತಿದ್ದ ಒಪ್ಪೆನ್‌ಹೈಮರ್ ಧರ್ಮಗ್ರಂಥದ ಮಾತಿಗೆ ಒಪ್ಪುವ ಹಳೆಯ ಇಂಗ್ಲಿಷ್ ಧಾಟಿಯಲ್ಲಿ ಅದನ್ನು ಹೇಳಿದರು. ಅಲ್ಲಿನ 'ಬಿಕಮ್' ವಿ-1 ಅಲ್ಲ, ವಿ-3. 'ಬಿಕಮ್, ಬಿಕೇಮ್, ಬಿಕಮ್' ಎಂದು ಮೊದಲನೆಯದೂ ಮೂರನೆಯದೂ ಒಂದೇ ಆಗಿರುವುದರಿಂದ ಗೊಂದಲ. ನಿಮ್ಮ ಬರವಣಿಗೆಯಲ್ಲಿ ನೀವು 'ಐ ಹ್ಯಾವ್ ಬಿಕಮ್' ಎಂದೇ ಬರೆಯಿರಿ.

ಪ್ರಶ್ನೆ: ಕಚೇರಿಯ ಈಮೇಲಿನಲ್ಲಿ 'ಐ ಹ್ಯಾಡ್ ಸೆಂಟ್ ದ ಫೈಲ್ ಯೆಸ್ಟರ್ಡೇ' ಎಂದು ಬರೆದೆ. ಮೇಲಧಿಕಾರಿ 'ಹ್ಯಾಡ್' ತೆಗೆದುಹಾಕಿದರು. 'ಹ್ಯಾಡ್' ಆದ ಮೇಲೆ ವಿ-3 ಸರಿಯಾಗಿಯೇ ಇದೆಯಲ್ಲ? (ಖಾಸಗಿ ಕಂಪನಿ ಉದ್ಯೋಗಿ)

ರೂಪ ಸರಿ ಇದೆ, ಜಾಗ ಸರಿ ಇಲ್ಲ. ನಿಮ್ಮ ಮನಸ್ಸಿನಲ್ಲಿದ್ದದ್ದು 'ನಿನ್ನೆಯೇ ಕಳಿಸಿದ್ದೆ'. ಕನ್ನಡದಲ್ಲಿ ಈ 'ಕಳಿಸಿದ್ದೆ', 'ಹೋಗಿದ್ದೆ', 'ಹೇಳಿದ್ದೆ' ಎಲ್ಲವನ್ನೂ ನಾವು ಧಾರಾಳವಾಗಿ ಬಳಸುತ್ತೇವೆ. ಮುಗಿದುಹೋದ ಮಾತು ಎನ್ನುವುದಷ್ಟೇ ಅದಕ್ಕೆ ಸಾಕು. ಇಂಗ್ಲಿಷಿನ 'ಹ್ಯಾಡ್ ಸೆಂಟ್'ಗೆ ಅಷ್ಟು ಸಾಲದು. ಹಿಂದೆಯೇ ನಡೆದ ಇನ್ನೊಂದು ಘಟನೆ ಬೇಕು, ಅದಕ್ಕಿಂತ ಮೊದಲು ಇದು ಆಗಿರಬೇಕು. 'ವೆನ್ ಯು ಕಾಲ್ಡ್, ಐ ಹ್ಯಾಡ್ ಆಲ್ರೆಡಿ ಸೆಂಟ್ ದ ಫೈಲ್.' ನೀವು ಫೋನ್ ಮಾಡಿದ್ದು ಹಿಂದೆ, ಕಳಿಸಿದ್ದು ಅದಕ್ಕೂ ಹಿಂದೆ. ಅಂಥ ಎರಡನೆಯ ಘಟನೆ ಇಲ್ಲದಿದ್ದರೆ 'ಐ ಸೆಂಟ್ ದ ಫೈಲ್ ಯೆಸ್ಟರ್ಡೇ' ಸಾಕು. ನಿಮ್ಮ ಮೇಲಧಿಕಾರಿ ತಿದ್ದಿದ್ದು ಸರಿ.

ಹಾಗಂತ 'ಐ ಹ್ಯಾವ್ ಸೆಂಟ್ ಇಟ್ ಯೆಸ್ಟರ್ಡೇ' ಎಂದೂ ಬರೆಯಬೇಡಿ. ಇದು ನಮ್ಮಲ್ಲಿ ಇನ್ನೂ ಜಾಸ್ತಿ ಕಾಣುವ ತಪ್ಪು. 'ನಿನ್ನೆ ಕಳಿಸಿದ್ದೇನೆ' ಕನ್ನಡದಲ್ಲಿ ಸಹಜ. ಆದರೆ ಇಂಗ್ಲಿಷಿನ 'ಹ್ಯಾವ್ ಸೆಂಟ್' ಈಗಿನ ಸ್ಥಿತಿಯ ಬಗ್ಗೆ ಮಾತಾಡುತ್ತದೆ, ಯಾವಾಗ ಎಂಬ ಗಡಿಯಾರದ ಗುರುತು ಅದರ ಜೊತೆ ನಿಲ್ಲುವುದಿಲ್ಲ. 'ಯೆಸ್ಟರ್ಡೇ, ಲಾಸ್ಟ್ ವೀಕ್, ಇನ್ 2019, ಟೂ ಡೇಸ್ ಅಗೋ' ಇವುಗಳಲ್ಲಿ ಯಾವುದು ಬಂದರೂ ವಿ-2.

ಇದರ ಜೊತೆಗೇ ಇನ್ನೊಂದು. 'ಐ ಯಾಮ್ ವರ್ಕಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್' ಎಂದು ಉದ್ಯೋಗದ ಅರ್ಜಿಗಳಲ್ಲಿ ಬರೆಯುವವರು ತುಂಬಾ. 'ಐದು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ' ಎಂಬ ಕನ್ನಡ ಅದರ ಕೆಳಗೆ ಸ್ಪಷ್ಟವಾಗಿ ಕಾಣುತ್ತದೆ. ಹಿಂದೆ ಶುರುವಾಗಿ ಈಗಲೂ ನಡೆಯುತ್ತಿರುವುದಕ್ಕೆ ಇಂಗ್ಲಿಷ್ ಎರಡು ಸಹಾಯಕಗಳನ್ನೂ ಕರೆಯುತ್ತದೆ: 'ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಫೈವ್ ಇಯರ್ಸ್'. ಅವಧಿಗೆ 'ಫಾರ್', ಶುರುವಾದ ಹೊತ್ತಿಗೆ 'ಸಿನ್ಸ್': 'ಸಿನ್ಸ್ 2019'.

ಪ್ರಶ್ನೆ: 'ಐ ಯಾಮ್ ಬೋರಿಂಗ್' ಎಂದರೆ ಎದುರಿನವರು ಯಾಕೆ ನಗುತ್ತಾರೆ? (ಪಿಯುಸಿ ವಿದ್ಯಾರ್ಥಿ)

ನಿಮಗೆ ಬೇಸರವಾಗಿದೆ ಎಂದು ಹೇಳಹೊರಟು 'ನಾನು ಬೇಸರ ಹುಟ್ಟಿಸುವವನು' ಎಂದಿದ್ದೀರಿ. ಇಂಗ್ ರೂಪ ಭಾವನೆಯನ್ನು ಹುಟ್ಟಿಸುವ ವಸ್ತುವಿಗೆ, ವಿ-3 ಅದನ್ನು ಅನುಭವಿಸುವವರಿಗೆ. 'ದ ಲೆಕ್ಚರ್ ಈಸ್ ಬೋರಿಂಗ್, ಐ ಯಾಮ್ ಬೋರ್ಡ್.' 'ಇಂಟರೆಸ್ಟಿಂಗ್, ಇಂಟರೆಸ್ಟೆಡ್', 'ಟೈರಿಂಗ್, ಟೈರ್ಡ್', 'ಕನ್‌ಫ್ಯೂಸಿಂಗ್, ಕನ್‌ಫ್ಯೂಸ್ಡ್' ಎಲ್ಲವೂ ಇದೇ ಜೋಡಿ. ಕನ್ನಡದಲ್ಲಿ 'ನನಗೆ' ಎಂದು ಶುರುವಾಗುವ ಭಾವನೆ ಇದ್ದರೆ ('ನನಗೆ ಬೇಸರ', 'ನನಗೆ ಆಸಕ್ತಿ', 'ನನಗೆ ಗೊಂದಲ') ಅಲ್ಲಿ ವಿ-3 ಹಾಕಿ.

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ. 'ವಾಕಿಂಗ್ ಟು ಸ್ಕೂಲ್, ದ ರೈನ್ ಸ್ಟಾರ್ಟೆಡ್' ಎಂಬಂಥ ವಾಕ್ಯಗಳನ್ನು ಮಕ್ಕಳು ಮತ್ತೆ ಮತ್ತೆ ಬರೆಯುತ್ತಾರೆ. ಡ್ಯಾಂಗ್ಲಿಂಗ್ ಪಾರ್ಟಿಸಿಪಲ್ ಎಂದು ಹೇಳಿದರೆ ಹೆಸರು ನೆನಪಿಟ್ಟುಕೊಳ್ಳುತ್ತಾರೆ, ತಪ್ಪು ನಿಲ್ಲುವುದಿಲ್ಲ. (ಶಿಕ್ಷಕಿ)

ನೀವು ಇಷ್ಟು ಕಾಳಜಿಯಿಂದ ಕೇಳಿದ್ದಕ್ಕೆ ಸಂತೋಷ. ಹೆಸರು ಹೇಳುವ ಮೊದಲು ಮಕ್ಕಳು ಯಾವ ಕನ್ನಡದಿಂದ ಬಂದರು ನೋಡೋಣ. ಅವರ ತಲೆಯಲ್ಲಿ ಇದ್ದದ್ದು 'ಶಾಲೆಗೆ ನಡೆದು ಹೋಗುವಾಗ ಮಳೆ ಶುರುವಾಯಿತು'. ಇಲ್ಲಿನ 'ಹೋಗುವಾಗ' ಬಹಳ ಉದಾರ. ಹೋದವರು ಯಾರೋ, ಶುರುವಾದದ್ದು ಇನ್ನೇನೋ, ಎರಡನ್ನೂ ಒಟ್ಟಿಗೆ ನಿಲ್ಲಿಸಿಕೊಳ್ಳುತ್ತದೆ. ಇಂಗ್ಲಿಷಿನ ಇಂಗ್ ರೂಪಕ್ಕೆ ಆ ಉದಾರತೆ ಇಲ್ಲ. ವಾಕ್ಯದ ತಲೆಯಲ್ಲಿ ಅದು ಬಂದರೆ ಅಲ್ಪವಿರಾಮದ ನಂತರ ಬರುವ ಕರ್ತೃವೇ ಆ ಕೆಲಸವನ್ನೂ ಮಾಡಿರಬೇಕು. ಮಕ್ಕಳ ವಾಕ್ಯದಲ್ಲಿ ಮಳೆ ಶಾಲೆಗೆ ನಡೆದುಹೋಗುತ್ತಿದೆ.

ತರಗತಿಯಲ್ಲಿ 'ಶಾಲೆಗೆ ನಡೆಯುತ್ತಾ, ಮಳೆ ಶುರುವಾಯಿತು' ಎಂದು ಗಟ್ಟಿಯಾಗಿ ಓದಿಸಿ. ತಕ್ಷಣ ಮಕ್ಕಳ ಕಿವಿಗೆ ತಪ್ಪು ತಿಳಿಯುತ್ತದೆ. ಕನ್ನಡದ 'ಉತ್ತಾ' ಕೂಡ ಒಂದೇ ಕರ್ತೃವನ್ನು ಬೇಡುತ್ತದೆ. ಅಂದರೆ 'ವಾಕಿಂಗ್' ಎನ್ನುವುದು 'ನಡೆಯುತ್ತಾ'ಗೆ ಸಮ, 'ನಡೆಯುವಾಗ'ಗೆ ಅಲ್ಲ. 'ವಾಗ' ಬೇಕಾದ ಕಡೆ 'ಆಸ್ ಐ ವಾಸ್ ವಾಕಿಂಗ್ ಟು ಸ್ಕೂಲ್' ಎಂದು ಕರ್ತೃವನ್ನು ಸೇರಿಸಿ ಪೂರ್ತಿ ಬರೆಯಲಿ.

'ಮಳೆ ಬಂದು ಕೆರೆ ತುಂಬಿತು' ಥರದ್ದು ಇನ್ನೊಂದು ಬಗೆ. ಬಂದದ್ದು ಮಳೆ, ತುಂಬಿದ್ದು ಕೆರೆ. ಒಂದು ಇನ್ನೊಂದಕ್ಕೆ ಕಾರಣವಾದಾಗ ಕನ್ನಡದ 'ಬಂದು' ಎರಡು ಕರ್ತೃಗಳನ್ನು ಒಪ್ಪುತ್ತದೆ. ಇದನ್ನು 'ಹ್ಯಾವಿಂಗ್' ಹಾಕಿ ಅನುವಾದಿಸಲು ಹೊರಟಾಗ ಮಕ್ಕಳು ಸಿಕ್ಕಿಬೀಳುತ್ತಾರೆ. ಇಲ್ಲಿಯೂ 'ಬಿಕಾಸ್' ಅಥವಾ 'ಸೋ' ಹಾಕಿ ಎರಡು ಪೂರ್ತಿ ವಾಕ್ಯ ಮಾಡಿಸುವುದೇ ಒಳ್ಳೆಯದು.

ದೊಡ್ಡ ತರಗತಿಯ ಮಕ್ಕಳಾದರೆ ಅವರಿಗೆ ಶೇಕ್ಸ್‌ಪಿಯರನ ಹ್ಯಾಮ್ಲೆಟ್ ನಾಟಕದಲ್ಲಿ ಸತ್ತ ರಾಜನ ಪ್ರೇತ ಆಡುವ ಮಾತು ತೋರಿಸಬಹುದು. 'ಸ್ಲೀಪಿಂಗ್ ಇನ್ ಮೈ ಆರ್ಚರ್ಡ್, ಎ ಸರ್ಪೆಂಟ್ ಸ್ಟಂಗ್ ಮಿ' ಎನ್ನುತ್ತದೆ ಅದು. ಮಲಗಿದ್ದು ರಾಜ, ಆದರೆ ವಾಕ್ಯದ ರಚನೆಯಲ್ಲಿ ಮಲಗಿದ್ದು ಹಾವು. ಶೇಕ್ಸ್‌ಪಿಯರ್ ಕಾಲಕ್ಕೆ ಇದನ್ನು ಯಾರೂ ದೋಷವಾಗಿ ಎಣಿಸುತ್ತಿರಲಿಲ್ಲ. ಈ ಕಟ್ಟುನಿಟ್ಟು ಆಮೇಲಿನ ವ್ಯಾಕರಣಕಾರರದ್ದು. ಇವತ್ತಿನ ಬರವಣಿಗೆಗೆ ಅದು ಬೇಕು, ಯಾಕೆಂದರೆ ಅರ್ಥ ಕೆಡುತ್ತದೆ.

'ಕನ್ಸಿಡರಿಂಗ್', 'ರಿಗಾರ್ಡಿಂಗ್', 'ಜನರಲಿ ಸ್ಪೀಕಿಂಗ್' ಇವುಗಳನ್ನು ಮಾತ್ರ ತಿದ್ದಬೇಡಿ. ಅವು ಪಾರ್ಟಿಸಿಪಲ್ ಆಗಿದ್ದು ಈಗ ಸ್ವತಂತ್ರ ಪದಗಳಾಗಿವೆ. ನಮ್ಮ 'ಕುರಿತು', 'ಬಿಟ್ಟು' ಕೂಡ ಹಾಗೇ ಅಲ್ವಾ? 'ಅವನನ್ನು ಬಿಟ್ಟು ಎಲ್ಲರೂ ಬಂದರು' ಎಂದಾಗ ಯಾರು ಬಿಟ್ಟರು ಎಂದು ನಾವು ಕೇಳುವುದಿಲ್ಲ.

ಪ್ರಶ್ನೆ: 'ದ ಬ್ರಿಡ್ಜ್ ಈಸ್ ಬಿಲ್ಟ್', 'ಈಸ್ ಬೀಯಿಂಗ್ ಬಿಲ್ಟ್', 'ಹ್ಯಾಸ್ ಬೀನ್ ಬಿಲ್ಟ್', ಈ ಮೂರರ ನಡುವೆ ಸುಮ್ನೆ ಊಹೆ ಮೇಲೆ ಒಂದನ್ನು ಬರೆಯುತ್ತೇನೆ. (ಎಂಜಿನಿಯರಿಂಗ್ ವಿದ್ಯಾರ್ಥಿ)

'ಈಸ್ ಬೀಯಿಂಗ್ ಬಿಲ್ಟ್' ಎಂದರೆ ಕೆಲಸ ಈಗ ನಡೆಯುತ್ತಿದೆ, ಕಟ್ಟುತ್ತಿದ್ದಾರೆ. 'ಹ್ಯಾಸ್ ಬೀನ್ ಬಿಲ್ಟ್' ಎಂದರೆ ಕಟ್ಟಿ ಆಗಿದೆ. ಬರೀ 'ಈಸ್ ಬಿಲ್ಟ್' ಅನ್ನು ವಾಡಿಕೆ ಹೇಳಲು ಬಳಸುತ್ತಾರೆ, ಅಥವಾ ಹೇಗೆ, ಯಾವುದರಿಂದ ಎಂದು ಹೇಳಲು: 'ದ ಬ್ರಿಡ್ಜ್ ಈಸ್ ಬಿಲ್ಟ್ ಆಫ್ ಸ್ಟೀಲ್'.

ಕಷ್ಟವಾಗಲು ಕಾರಣ ಇದೆ. ಕನ್ನಡ ಮಾತಿನಲ್ಲಿ ಪ್ಯಾಸಿವ್ ಇಲ್ಲವೆನ್ನುವಷ್ಟು ಕಡಿಮೆ. 'ಸೇತುವೆ ಕಟ್ಟಲ್ಪಡುತ್ತಿದೆ' ಎಂದು ಯಾರೂ ಮಾತಾಡುವುದಿಲ್ಲ, 'ಕಟ್ಟುತ್ತಿದ್ದಾರೆ' ಎನ್ನುತ್ತೇವೆ. ಯಾರು ಎಂದು ಹೇಳುವುದೇ ಬೇಡ. ಆದ್ದರಿಂದ ಪ್ಯಾಸಿವ್ ಬರೆಯುವ ಮೊದಲು ಕನ್ನಡದಲ್ಲಿ 'ಕಟ್ಟುತ್ತಿದ್ದಾರೆ'ಯೋ 'ಕಟ್ಟಿದ್ದಾರೆ'ಯೋ ಎಂದು ಕೇಳಿಕೊಳ್ಳಿ. ಮೊದಲನೆಯದಾದರೆ 'ಬೀಯಿಂಗ್', ಎರಡನೆಯದಾದರೆ 'ಹ್ಯಾಸ್ ಬೀನ್'. ಪ್ರಾಜೆಕ್ಟ್ ವರದಿಯಲ್ಲಿ 'ದ ವರ್ಕ್ ಹ್ಯಾಸ್ ಕಂಪ್ಲೀಟೆಡ್' ಎಂದು ಬರೆಯುವುದೂ ಇಲ್ಲಿಂದಲೇ ಬರುವ ತಪ್ಪು. ಕೆಲಸ ತಾನೇ ಪೂರೈಸುವುದಿಲ್ಲ, 'ಹ್ಯಾಸ್ ಬೀನ್ ಕಂಪ್ಲೀಟೆಡ್' ಆಗಬೇಕು.

'ಈಸ್ ಬೀಯಿಂಗ್ ಬಿಲ್ಟ್' ಇಂಗ್ಲಿಷಿಗೂ ಹೊಸದೇ. ಹದಿನೆಂಟನೆಯ ಶತಮಾನದ ಕೊನೆಯ ಹೊತ್ತಿಗೆ ಅದು ಬರವಣಿಗೆಯಲ್ಲಿ ಕಾಣಿಸಿಕೊಂಡಿತು. ಅದಕ್ಕೂ ಮೊದಲು 'ದ ಹೌಸ್ ಈಸ್ ಬಿಲ್ಡಿಂಗ್' ಎನ್ನುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಹೊಸ ರೂಪವನ್ನು ಕುರೂಪ ಎಂದು ಬೈದ ಪಂಡಿತರು ಬೇಕಾದಷ್ಟು ಮಂದಿ. ಜನ ಅದನ್ನು ಬಿಡಲಿಲ್ಲ.

ಪ್ರಶ್ನೆ: 'ಗಾಟನ್' ಸರಿಯೇ? (ಓದುಗರೊಬ್ಬರು)

ಅಮೆರಿಕದ ಇಂಗ್ಲಿಷಿನಲ್ಲಿ ಸರಿ, 'ಗೆಟ್'ನ ವಿ-3. ಬ್ರಿಟನ್ನಿನಲ್ಲಿ 'ಗಾಟ್' ಎನ್ನುತ್ತಾರೆ. 'ಗಾಟನ್' ಹೊಸ ಫ್ಯಾಷನ್ ಎಂದುಕೊಳ್ಳಬೇಡಿ, ಅದೇ ಹಳೆಯದು. ಒಂದೇ ಬರಹದಲ್ಲಿ ಎರಡನ್ನೂ ಬೆರೆಸದಿದ್ದರೆ ಆಯಿತು.

ಪ್ರಶ್ನೆ: ನಿಯಮ ಎಲ್ಲ ಅರ್ಥವಾದರೂ ವಿ-3 ನೆನಪಿಗೆ ಬರುವುದಿಲ್ಲ. ಪಟ್ಟಿಯನ್ನು ಎ ಇಂದ ಝಡ್ ವರೆಗೆ ಓದುತ್ತಿದ್ದೇನೆ. (ಗೃಹಿಣಿ, ಹೊಸದಾಗಿ ಇಂಗ್ಲಿಷ್ ಕಲಿಯುತ್ತಿರುವವರು)

ಎ ಇಂದ ಝಡ್ ವರೆಗೆ ಓದಬೇಡಿ. ನಿಯಮಕ್ಕೆ ಸಿಗದ ಕ್ರಿಯಾಪದಗಳು ಇಂಗ್ಲಿಷಿನಲ್ಲಿ ಸುಮಾರು 200 ಇವೆ ಅಂದುಕೊಳ್ಳಿ, ಆದರೆ ಅವು ಗುಂಪು ಗುಂಪಾಗಿ ನಡೆಯುತ್ತವೆ. 'ಪುಟ್, ಕಟ್, ಹಿಟ್, ಶಟ್' ಮೂರು ಕಡೆಯೂ ಬದಲಾಗುವುದಿಲ್ಲ. 'ಸಿಂಗ್, ಸ್ಯಾಂಗ್, ಸಂಗ್' ಒಂದನ್ನು ಹಿಡಿದರೆ 'ರಿಂಗ್, ಸ್ವಿಮ್, ಡ್ರಿಂಕ್, ಬಿಗಿನ್' ಅದೇ ರಾಗದಲ್ಲಿ ಬರುತ್ತವೆ. 'ಸ್ಪೋಕನ್, ಬ್ರೋಕನ್, ಟೇಕನ್, ಗಿವನ್' ಒಂದು ಗುಂಪು. 'ಬಾಟ್, ಬ್ರಾಟ್, ಥಾಟ್, ಟಾಟ್' ಇನ್ನೊಂದು, ಇವುಗಳಲ್ಲಿ ವಿ-2 ಮತ್ತು ವಿ-3 ಒಂದೇ. 'ಕಮ್, ಬಿಕಮ್, ರನ್' ಇವುಗಳಲ್ಲಿ ವಿ-1 ಮತ್ತು ವಿ-3 ಒಂದೇ.

ವಿ-3 ಅನ್ನು ಒಂಟಿಯಾಗಿ ಉರುಹೊಡೆಯಬೇಡಿ. ಅದು ಒಂಟಿಯಾಗಿ ವಾಕ್ಯವನ್ನು ನಡೆಸುವುದಿಲ್ಲ, ಕಲಿಯುವಾಗಲೂ ಒಂಟಿಯಾಗಿ ಇರಬಾರದು. ಮುಂದೆ 'ಹ್ಯಾವ್' ಇಟ್ಟೇ ಬಾಯಿಬಿಟ್ಟು ಹೇಳಿ: 'ಹ್ಯಾವ್ ಸೀನ್, ಹ್ಯಾವ್ ಡನ್, ಹ್ಯಾವ್ ಗಾನ್, ಹ್ಯಾವ್ ಈಟನ್'. ಕೆಲವೇ ದಿನಗಳಲ್ಲಿ 'ಹ್ಯಾವ್ ಸಾ' ಎಂದರೆ ನಿಮ್ಮ ಕಿವಿಯೇ ಒಪ್ಪುವುದಿಲ್ಲ. ಬರೆಯುವಾಗ 'ಶುಡ್ ಹ್ಯಾವ್' ಎನ್ನುವುದನ್ನು 'ಶುಡ್ ಆಫ್' ಎಂದು ಬರೆಯದಂತೆ ನೋಡಿಕೊಳ್ಳಿ. ವೇಗವಾಗಿ ಆಡಿದಾಗ 'ಶುಡವ್' ಎಂದು ಕೇಳಿಸುವುದರಿಂದ ಇಂಗ್ಲಿಷ್ ಮನೆಮಾತಾಗಿರುವವರೇ ಅಲ್ಲಿ ಎಡವುತ್ತಾರೆ. ಪಟ್ಟಿಯ ಕೊನೆಗೆ 'ಲೈ, ಲೇ, ಲೇನ್' ಮತ್ತು 'ಲೇ, ಲೇಡ್, ಲೇಡ್' ಇಟ್ಟುಕೊಳ್ಳಿ. ಮೊದಲನೆಯದು ತಾನೇ ಮಲಗುವುದಕ್ಕೆ, ಎರಡನೆಯದು ಏನನ್ನಾದರೂ ಇಡುವುದಕ್ಕೆ. ಇವೆರಡನ್ನು ಬೇರೆ ಬೇರೆ ದಿನ ಕಲಿಯಿರಿ.